ಕೋ ಆಪರೇಟಿವ್‌ಗೆ ಅಡ್ಡಗೀಟು ಬೇಕಾ ಬೇಡ್ವಾ? ಪ್ರಿಂಟಿಗೆ ಹೋಗುವ ಮೊದಲು ಹೇಳಿ ಮಾರಾಯ್ರೆ

ಸೊಸೈಟಿ ಗುಮಾಸ್ತ, ಉಡುಪಿ
ನಮ್ಮ ಸಹಕಾರಿ ಸಂಘಕ್ಕೆ ಐವತ್ತು ವರ್ಷ ಆಗ್ತಾ ಉಂಟು. ಸ್ಮರಣ ಸಂಚಿಕೆ ಮಾಡ್ತಿದ್ದೇವೆ. ಕನ್ನಡ ಭಾಗ ಮುಗೀತು, ಅದರಲ್ಲಿ ತಕರಾರಿಲ್ಲ. ಮುಂಬೈ, ದುಬೈಯಲ್ಲಿರುವ ಸದಸ್ಯರ ಮಕ್ಕಳಿಗೆ ಅಂತ ಸ್ವಲ್ಪ ಇಂಗ್ಲಿಷ್ ಪುಟ ಸೇರಿಸಿದೆವು, ಈಗ ಅದೇ ತಲೆನೋವು. ಪ್ರೂಫ್ ನೋಡುವ ಹಿರಿಯರು ಕೆಂಪು ಪೆನ್ನಲ್ಲಿ ಗೀಟು ಹಾಕ್ತಾರೆ, ಡಿಟಿಪಿ ಹುಡುಗ ತೆಗೀತಾನೆ, ಅವರು ಪುನಃ ಹಾಕ್ತಾರೆ.

ನಮ್ಮ ಬೋರ್ಡಿನಲ್ಲಿ ‘ಕೋ’, ಆಮೇಲೆ ಗೀಟು, ಆಮೇಲೆ ‘ಆಪರೇಟಿವ್’. ಲೆಟರ್‌ಹೆಡ್ಡಿನಲ್ಲಿ ಗೀಟಿಲ್ಲದೆ ಒಂದೇ ಪದ. ರಬ್ಬರ್ ಸ್ಟಾಂಪಿನಲ್ಲಿ ಎರಡು ಬಿಡಿ ಪದ. ಯಾವುದು ಸರಿ? ಇನ್ನೊಂದು, ಕಟ್ಟಡದ ಲೀಸಿಗೆ ಆಗಿನ ಅಧ್ಯಕ್ಷರು ಎರಡನೇ ಸಲ ಸಹಿ ಹಾಕಿದ್ದನ್ನು ‘ದಿ ಪ್ರೆಸಿಡೆಂಟ್ ರಿಸೈನ್ಡ್’ ಅಂತ ಬರೆದಿದ್ದಾರೆ. ಪ್ರೂಫ್ ಓದಿದ ಅವರ ಮಗ ಫೋನ್ ಮಾಡಿ ‘ಅಪ್ಪ ಯಾವಾಗ ರಾಜೀನಾಮೆ ಕೊಟ್ಟಿದ್ದು?’ ಅಂತ ಕೇಳಿದ. ಇದಕ್ಕೆಲ್ಲ ರೂಲು ಅಂತ ಉಂಟಾ, ಅಲ್ಲ ಅವರವರ ಇಷ್ಟವಾ? ಶನಿವಾರ ಪ್ರೆಸ್ಸಿಗೆ ಕೊಡಬೇಕು.

ಬೈಕಂಪಾಡಿ ಬೋಳ
ರೂಲು ಇಲ್ಲ. ಇಂಗ್ಲಿಷಿನವರಿಗೇ ಇಲ್ಲ, ನಮಗೆ ಎಲ್ಲಿಂದ ಬರಬೇಕು.

ಕುಂದಾಪುರದ ಟೀಚರ್
ರೂಲು ಉಂಟು. ಎಲ್ಲರೂ ಒಪ್ಪಿದ ಒಂದೇ ರೂಲು ಇಲ್ಲ, ಅಷ್ಟೇ.

ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳಿ. ಅಡ್ಡಗೀಟಿಗೆ ಎರಡು ಕೆಲಸ. ಎರಡು ಪದವನ್ನು ಕೂಡಿಸುವುದು ಒಂದು, ಸಾಲಿನ ಕೊನೆಗೆ ಜಾಗ ಸಾಲದಿದ್ದರೆ ಒಂದು ಪದವನ್ನು ಮುರಿಯುವುದು ಇನ್ನೊಂದು. ಕೂಡಿಸುವ ಗೀಟಿಗೆ ಲೆಕ್ಕ ಸುಲಭ. ಎರಡು ಪದ ಸೇರಿ ಮುಂದೆ ಬರುವ ನಾಮಪದವನ್ನು ಬಣ್ಣಿಸಿದರೆ ಗೀಟು ಹಾಕಿ. ‘ಎ ವೆಲ್-ನೋನ್ ಡಾಕ್ಟರ್’ ಅನ್ನುವಾಗ ಬೇಕು, ‘ದಿ ಡಾಕ್ಟರ್ ಈಸ್ ವೆಲ್ ನೋನ್’ ಅನ್ನುವಾಗ ಬೇಡ. ‘ಫಿಫ್ಟಿ-ಇಯರ್-ಓಲ್ಡ್ ಸೊಸೈಟಿ’ಗೆ ಎರಡು ಗೀಟು, ‘ಸೊಸೈಟಿ ಈಸ್ ಫಿಫ್ಟಿ ಇಯರ್ಸ್ ಓಲ್ಡ್’ಗೆ ಒಂದೂ ಇಲ್ಲ. ಎಲ್-ವೈ ಇಂದ ಮುಗಿಯುವ ‘ನ್ಯೂಲಿ’, ‘ಹೈಲಿ’ ಥರದ ಪದ ಆದ ಮೇಲೆ ಗೀಟು ಹಾಕಬಾರದು, ಯಾಕೆಂದರೆ ಅದು ಯಾವುದಕ್ಕೆ ಅಂಟಿಕೊಳ್ತದೆ ಅಂತ ಗೀಟಿಲ್ಲದೆಯೂ ಗೊತ್ತಾಗ್ತದೆ. ಟ್ವೆಂಟಿ-ಒನ್‌ನಿಂದ ನೈಂಟಿ-ನೈನ್ ವರೆಗೆ ಅಕ್ಷರದಲ್ಲಿ ಬರೆದರೆ ಗೀಟು ಕಡ್ಡಾಯ.

ನಿಮ್ಮ ಅಧ್ಯಕ್ಷರಿಗೂ ಗೀಟು ಬೇಕೇ ಬೇಕು. ಆರ್ ಇ ಆದ ಮೇಲೆ ಗೀಟು ಹಾಕಿದರೆ ಪುನಃ ಸಹಿ, ಇಲ್ಲದಿದ್ದರೆ ರಾಜೀನಾಮೆ. ‘ರಿಕವರ್’ ಅಂದರೆ ಚೇತರಿಸಿಕೊಳ್ಳುವುದು, ‘ರೀ-ಕವರ್’ ಅಂದರೆ ಹಳೇ ಸೋಫಾಕ್ಕೆ ಹೊಸ ಬಟ್ಟೆ ಹಾಕಿಸುವುದು. ‘ರಿಕ್ರಿಯೇಷನ್’ ಮನರಂಜನೆ, ‘ರೀ-ಕ್ರಿಯೇಷನ್’ ಪುನಃ ಸೃಷ್ಟಿ.

ಮಲ್ಪೆ ಮಧ್ಯಾಹ್ನ
ಸರಿಯಾದ ಉದಾಹರಣೆ ನಾನು ಕೊಡ್ತೇನೆ ಟೀಚರ್. ‘ಮ್ಯಾನ್ ಈಟಿಂಗ್ ಫಿಶ್’ ಅಂದರೆ ನಾನು, ಈಗ, ಬಂಗುಡೆ ಪುಳಿಮುಂಚಿ ಎದುರಿಗೆ. ‘ಮ್ಯಾನ್-ಈಟಿಂಗ್ ಫಿಶ್’ ಅಂದರೆ ಶಾರ್ಕ್.

ಬೈಕಂಪಾಡಿ ಬೋಳ
ಯಾರೂ ತಪ್ಪು ತಿಳಿಯುವುದಿಲ್ಲ ಅದನ್ನು. ತಟ್ಟೆ ನೋಡಿದರೆ ಗೊತ್ತಾಗ್ತದಲ್ಲ.

ಕುಂದಾಪುರದ ಟೀಚರ್
ತಟ್ಟೆಯ ಫೋಟೋ ಎಲ್ಲ ವಾಕ್ಯದ ಜೊತೆ ಬರುವುದಿಲ್ಲ ಬೋಳರೇ. ಅದಕ್ಕೇ ಗೀಟು.

ಡಿಕ್ಷನರಿ ಹುಳ
ಬೋಳ ಹೇಳಿದ್ದರಲ್ಲೂ ಸತ್ಯ ಉಂಟು. 2007ರಲ್ಲಿ ಶಾರ್ಟರ್ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯ ಆರನೇ ಆವೃತ್ತಿ ಬಂದಾಗ ಸುಮಾರು 16,000 ಪದಗಳ ಅಡ್ಡಗೀಟನ್ನು ಒಂದೇ ಏಟಿಗೆ ತೆಗೆದು ಹಾಕಿದರು. ‘ಐಸ್-ಕ್ರೀಂ’, ‘ಫಿಗ್-ಲೀಫ್’ ಎಲ್ಲ ಎರಡು ಬಿಡಿ ಪದ ಆದವು. ‘ಬಂಬಲ್-ಬೀ’, ‘ಲೀಪ್-ಫ್ರಾಗ್’, ‘ಪಿಜನ್-ಹೋಲ್’ ಗೀಟು ಕಳಚಿ ಒಂದೇ ಪದ ಆದವು. ಜನ ಹಾಕುವುದನ್ನು ಬಿಟ್ಟಿದ್ದರು, ಡಿಕ್ಷನರಿ ಅದನ್ನು ಒಪ್ಪಿಕೊಂಡಿತು, ಅಷ್ಟೇ. ಹಳೇ ಇಂಗ್ಲಿಷ್ ಪುಸ್ತಕ ತೆಗೆದು ನೋಡಿ, ‘ಟು-ಡೇ’, ‘ಟು-ಮಾರೋ’ ಅಂತ ಗೀಟು ಹಾಕಿಯೇ ಇರ್ತದೆ. ಅಮೆರಿಕದ ಎಪಿ ಸುದ್ದಿಸಂಸ್ಥೆಯ ಬರವಣಿಗೆ ಕೈಪಿಡಿ ‘ಸ್ಟೈಲ್‌ಬುಕ್’ 2011ರಲ್ಲಿ ‘ಇ-ಮೇಲ್’ನ ಗೀಟು ತೆಗೆಯಿತು. ಮೊದಲು ಬಿಡಿಯಾಗಿ, ಆಮೇಲೆ ಗೀಟಿನಿಂದ, ಕಡೆಗೆ ಅಂಟಿಕೊಂಡು. ಹೆಚ್ಚಿನ ಜೋಡಿಪದಗಳ ದಾರಿ ಇದು.

ಗಡ್‌ಬಡ್ ಪಾರ್ಟಿ, ಮಂಗಳೂರು
ಐಸ್‌ಕ್ರೀಂ ಅಂದಾಗ ಒಂದು ಪ್ರಶ್ನೆ. ಗಡ್‌ಬಡ್‌ಗೆ ಗೀಟು ಉಂಟಾ?

ಮಲ್ಪೆ ಮಧ್ಯಾಹ್ನ
ಗೀಟು ಗೊತ್ತಿಲ್ಲ, ಆದರೆ ಅದು ಹುಟ್ಟಿದ್ದು ಉಡುಪಿಯಲ್ಲಿ. ಮಂಗಳೂರಿನವರು ಸುಮ್ನೆ ತಮ್ಮದು ಅಂತಾರೆ.

ಗಡ್‌ಬಡ್ ಪಾರ್ಟಿ, ಮಂಗಳೂರು
ಹುಟ್ಟಿದ್ದು ಎಲ್ಲಿಯೇ ಇರಲಿ, ಬೆಳೆಸಿದ್ದು ನಾವು.

ಕುಂದಾಪುರದ ಟೀಚರ್
ಐಸ್‌ಕ್ರೀಂ ಜಗಳ ಬೇರೆ ಕಡೆ ಮಾಡಿ.

ಎರಡೂ ಕಡೆ ಸಹಿ
ನಾನು ಸಹಕಾರ ಸಂಘಗಳ ಲೆಕ್ಕಪತ್ರ ನೋಡುವವನು. ಗುಮಾಸ್ತರೇ, ನಿಮ್ಮ ಮೊದಲ ಪ್ರಶ್ನೆಗೆ ಯಾವ ಗ್ರಾಮರೂ ಬೇಡ. ನೋಂದಣಿ ಸರ್ಟಿಫಿಕೇಟಿನಲ್ಲಿ ಹೆಸರು ಹೇಗೆ ಉಂಟೋ ಹಾಗೇ ಬರೆಯಬೇಕು. 1959ರ ನಮ್ಮ ರಾಜ್ಯದ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲೇ ‘ಕೋ-ಆಪರೇಟಿವ್ ಸೊಸೈಟೀಸ್’ ಅಂತ ಗೀಟು ಉಂಟು, ಹಾಗಾಗಿ ಹಳೇ ಸಂಘಗಳ ಸರ್ಟಿಫಿಕೇಟಿನಲ್ಲಿ ಗೀಟು ಇರುವುದೇ ಜಾಸ್ತಿ. 2021ರಲ್ಲಿ ಕೇಂದ್ರದಲ್ಲಿ ಹೊಸದಾಗಿ ಸಹಕಾರ ಸಚಿವಾಲಯ ಮಾಡಿದರಲ್ಲ, ಅದರ ವೆಬ್‌ಸೈಟಿನ ಇಂಗ್ಲಿಷ್ ಹೆಸರಿನಲ್ಲಿ ಮಾತ್ರ ಗೀಟಿಲ್ಲ. ಸರ್ಕಾರಕ್ಕೇ ಎರಡು ಮನಸ್ಸು. ನೀವು ಸರ್ಟಿಫಿಕೇಟ್ ತೆಗೆದು ನೋಡಿ. ರಬ್ಬರ್ ಸ್ಟಾಂಪ್ ಹೊಸತು ಮಾಡಿಸಿ, ಅದರ ಖರ್ಚು ಎಷ್ಟು ಮಹಾ.

ಡಿಕ್ಷನರಿ ಹುಳ
ಅಲ್ಲಿ ಗೀಟು ಬಂದದ್ದೇ ಎರಡು ‘ಓ’ ಒಟ್ಟಿಗೆ ನಿಂತದ್ದರಿಂದ. ಪದವನ್ನು ಚಿಕ್ಕದು ಮಾಡಿ ಸಿ ಓ ಓ ಪಿ ಅಂತ ಗೀಟಿಲ್ಲದೆ ಬರೆದರೆ ‘ಕೂಪ್’, ಅಂದರೆ ಕೋಳಿಗೂಡು. ನ್ಯೂಯಾರ್ಕರ್ ಪತ್ರಿಕೆಯವರು ಇವತ್ತಿಗೂ ಗೀಟು ಹಾಕುವುದಿಲ್ಲ, ಎರಡನೇ ‘ಓ’ ತಲೆ ಮೇಲೆ ಎರಡು ಚುಕ್ಕೆ ಇಡ್ತಾರೆ.

ಬೈಕಂಪಾಡಿ ಬೋಳ
ವಾರ್ಷಿಕ ಮಹಾಸಭೆ ಒಮ್ಮೆ ನೋಡಿ ಬನ್ನಿ, ಕೋಳಿಗೂಡು ಅಂತ ಓದಿದರೂ ತಪ್ಪಿಲ್ಲ.

ಸೊಸೈಟಿ ಗುಮಾಸ್ತ, ಉಡುಪಿ
ನಮ್ಮ ಮಹಾಸಭೆ ಶಿಸ್ತಿನದ್ದು. ಕಾಫಿಯ ಹೊತ್ತಿಗೆ ಮಾತ್ರ ಸ್ವಲ್ಪ ನೂಕುನುಗ್ಗಲು. ಸರ್ಟಿಫಿಕೇಟ್ ಗೋದ್ರೇಜಿನಲ್ಲಿ ಉಂಟು, ನಾಳೆ ನೋಡ್ತೇನೆ. ಸಾಲಿನ ಕೊನೆಯ ಗೀಟಿನ ಬಗ್ಗೆ ಯಾರಾದರೂ ಹೇಳಿ, ಡಿಟಿಪಿ ಹುಡುಗ ಎಲ್ಲಿ ಬೇಕಾದಲ್ಲಿ ಕತ್ತರಿಸ್ತಾನೆ.

ಡಿಟಿಪಿ ಅಣ್ಣ, ಬಿಜೈ
ಹುಡುಗನ ಪರವಾಗಿ ನಾನು ಮಾತಾಡ್ತೇನೆ. ನಿಮ್ಮ ಕಮಿಟಿಯವರು ಎರಡು ಕಾಲಂ ಬೇಕು, ಎರಡು ಬದಿಯೂ ನೇರ ನಿಲ್ಲಬೇಕು, ಅಕ್ಷರ ದೊಡ್ಡದಿರಬೇಕು ಅಂತ ಹೇಳಿರ್ತಾರೆ. ಹಾಗೆ ಮಾಡಿದರೆ ಪದಗಳ ನಡುವೆ ಬಾವಿಯಷ್ಟು ಗ್ಯಾಪ್ ಬರ್ತದೆ, ಇಲ್ಲ ಪದ ಮುರಿಯಬೇಕು. ಬೇರೆ ದಾರಿ ಇಲ್ಲ.

ಆದರೆ ಎಲ್ಲಿ ಮುರಿಯಬೇಕು ಅಂತ ಕಣ್ಣಿಟ್ಟು ನೋಡಬೇಕು ಹೌದು. ಒಂದು ಯಕ್ಷಗಾನ ಕಾರ್ಯಕ್ರಮದ ಪುಸ್ತಕದಲ್ಲಿ ಹಿರಿಯ ಕಲಾವಿದರ ಪುಟಕ್ಕೆ ‘ಲೆಜೆಂಡ್ಸ್’ ಅಂತ ಹೆಡ್ಡಿಂಗ್. ಜಾಗ ಸಾಲಲಿಲ್ಲ, ಹೊಸ ಹುಡುಗ ಎಲ್ ಇ ಜಿ ಆದ ಕೂಡಲೇ ಗೀಟು ಹಾಕಿ ಉಳಿದದ್ದನ್ನು ಕೆಳಗೆ ತಳ್ಳಿದ. ಮೇಲೆ ‘ಲೆಗ್’, ಕೆಳಗೆ ‘ಎಂಡ್ಸ್’. ಅದರ ಅಡಿಗೆ ಗೆಜ್ಜೆ ಕಟ್ಟಿದ ಕಾಲಿನ ಫೋಟೋ. ಅರ್ಧ ಊರು ಅದನ್ನು ಬೇಕಂತಲೇ ಮಾಡಿದ್ದು ಅಂದುಕೊಂಡು ಹೊಗಳಿತು.

ಕುಂದಾಪುರದ ಟೀಚರ್
ಕಾಲಿನ ಕೊನೆ! ನಗು ತಡೆಯಲಿಕ್ಕಾಗಲಿಲ್ಲ.

ಕೋಡ್ ಬರೆಯುವವ, ಮಣಿಪಾಲ
ಇದಕ್ಕೆ ಕಂಪ್ಯೂಟರಿನವರು ಬಹಳ ಹಿಂದೆಯೇ ತಲೆ ಕೆಡಿಸಿಕೊಂಡಿದ್ದಾರೆ. ಡೊನಾಲ್ಡ್ ಕನೂತ್ ಅವರು ಪುಸ್ತಕ ಜೋಡಿಸಲಿಕ್ಕೆ ಟೆಕ್ ಅನ್ನುವ ತಂತ್ರಾಂಶ ಮಾಡಿದರಲ್ಲ, ಅದಕ್ಕಾಗಿ ಅವರ ವಿದ್ಯಾರ್ಥಿ ಫ್ರಾಂಕ್ ಲಿಯಾಂಗ್ 1983ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಇದರ ಮೇಲೆಯೇ ಪಿಎಚ್‌ಡಿ ಮಾಡಿದ. ಇಡೀ ಡಿಕ್ಷನರಿ ಕಂಪ್ಯೂಟರಿನೊಳಗೆ ತುಂಬುವುದರ ಬದಲು, ಯಾವ ಅಕ್ಷರಗಳ ಸಾಲು ಬಂದರೆ ಎಲ್ಲಿ ಮುರಿಯಬಹುದು, ಎಲ್ಲಿ ಮುರಿಯಬಾರದು ಅಂತ 4,447 ಮಾದರಿ ಇಟ್ಟರು. ಅದಕ್ಕೆ ಸಿಗದ ಪದಗಳ ಪಟ್ಟಿ ಬೇರೆ, ಅದರಲ್ಲಿ ಬರೀ 14 ಪದ. ಈಗ ಬೇರೆ ಹಲವು ತಂತ್ರಾಂಶಗಳಲ್ಲೂ ಇದೇ ಉಪಾಯ ನಡೀತಾ ಉಂಟು.

ಆದರೂ ಕೆಲವು ಪದಕ್ಕೆ ಮೆಷಿನ್ ಕೈ ಎತ್ತಲೇಬೇಕು. ‘ರೆಕಾರ್ಡ್’ ನೋಡಿ. ನಾಮಪದ ಆದರೆ ಆರ್ ಇ ಸಿ ಆದ ಮೇಲೆ ಮುರಿಯಬೇಕು, ಕ್ರಿಯಾಪದ ಆದರೆ ಆರ್ ಇ ಆದ ಮೇಲೆ. ‘ಪ್ರೆಸೆಂಟ್’, ‘ಪ್ರಾಜೆಕ್ಟ್’ ಕೂಡ ಹೀಗೇ. ಸ್ಪೆಲ್ಲಿಂಗ್ ಒಂದೇ, ಅರ್ಥ ಬೇರೆ, ಒತ್ತು ಬೇರೆ, ಅದರಿಂದಾಗಿ ಮುರಿಯುವ ಜಾಗವೂ ಬೇರೆ. ವಾಕ್ಯ ಓದಿ ಅರ್ಥ ಹಿಡಿಯದೆ ಗೀಟು ಹಾಕಲಿಕ್ಕೆ ಆಗುವುದಿಲ್ಲ.

ಡಿಕ್ಷನರಿ ಹುಳ
ಅದರ ಮೇಲೆ ಬ್ರಿಟಿಷ್, ಅಮೆರಿಕನ್ ಅಂತ ಬೇರೆ. ‘ನಾಲೆಜ್’ ಅನ್ನುವ ಪದವನ್ನು ಬ್ರಿಟಿಷರು ಮೂಲ ನೋಡಿ ‘ನೋ’ ಆದ ಮೇಲೆ ಮುರಿಯುತ್ತಿದ್ದರು, ಅಮೆರಿಕದವರು ಉಚ್ಚಾರ ನೋಡಿ ‘ಎಲ್’ ಆದ ಮೇಲೆ ಮುರೀತಾರೆ.

ರಾಕೆಟ್ ರೈ
ಗೀಟು ಸಣ್ಣದು ಅಂತ ತಿಳೀಬೇಡಿ. ಒಂದು ಹೈಫನ್ ಬಿಟ್ಟುಹೋದದ್ದಕ್ಕೆ ನಾಸಾದ ರಾಕೆಟ್ಟೇ ಹೋಯ್ತು, ಗೊತ್ತುಂಟಾ?

ಕೋಡ್ ಬರೆಯುವವ, ಮಣಿಪಾಲ
ಅರ್ಧ ಸತ್ಯ ರೈಗಳೇ. ಶುಕ್ರಗ್ರಹಕ್ಕೆ ಹೊರಟ ಮ್ಯಾರಿನರ್ 1 ಅದು, 1962ರ ಜುಲೈ 22. ಹಾರಿದ ಐದು ನಿಮಿಷದೊಳಗೆ ದಾರಿ ತಪ್ಪಿತು, ಕೆಳಗಿನವರೇ ಸ್ಫೋಟಿಸಬೇಕಾಯ್ತು. ಹೈಫನ್ ಅಂತ ಆಗ ಸುದ್ದಿ ಆಯ್ತು. ಆರ್ಥರ್ ಸಿ. ಕ್ಲಾರ್ಕ್ ಅದನ್ನು ಚರಿತ್ರೆಯಲ್ಲೇ ಅತಿ ದುಬಾರಿ ಹೈಫನ್ ಅಂತ ಕರೆದದ್ದರಿಂದ ಕತೆ ಗಟ್ಟಿಯಾಗಿ ನಿಂತಿತು. ಆದರೆ ಆಮೇಲಿನ ವಿವರಣೆ ಪ್ರಕಾರ ಬಿಟ್ಟುಹೋದದ್ದು ಸಮೀಕರಣದಲ್ಲಿ ಅಕ್ಷರದ ತಲೆ ಮೇಲೆ ಎಳೆಯಬೇಕಾದ ಗೆರೆ. ಕೈಬರಹ ನೋಡಿ ಕೋಡ್ ಬರೆಯುವಾಗ ತಪ್ಪಿತು. ಹೈಫನ್ ಅಲ್ಲ.

ರಾಕೆಟ್ ರೈ
ಗೆರೆ ಗೆರೆಯೇ. ಮಲಗಿದರೆ ಹೈಫನ್, ಮೇಲೆ ಹತ್ತಿದರೆ ಬೇರೆ ಹೆಸರು.

ಪಂಪ್‌ಸೆಟ್ ಪ್ರಸಾದ, ಬೆಳ್ತಂಗಡಿ
ನನ್ನದೊಂದು ಡೌಟು. ‘ಸೆಟಪ್’ ಒಂದೇ ಪದವಾ, ಗೀಟಾ, ಬಿಡಿಯಾ? ಮೂರೂ ಕಾಣ್ತದೆ.

ಕುಂದಾಪುರದ ಟೀಚರ್
ಕ್ರಿಯಾಪದ ಆದರೆ ಬಿಡಿ, ‘ದೇ ಸೆಟ್ ಅಪ್ ಎ ಶಾಪ್’. ನಾಮಪದ ಆದರೆ ಬ್ರಿಟಿಷರು ಗೀಟು ಹಾಕ್ತಾರೆ, ಅಮೆರಿಕದವರು ಒಂದೇ ಪದ ಮಾಡ್ತಾರೆ. ‘ಬ್ಯಾಕಪ್’, ‘ಲಾಗಿನ್’ಗೂ ಇದೇ ಲೆಕ್ಕ, ಕೆಲಸ ಹೇಳುವಾಗ ಬಿಡಿ, ಹೆಸರು ಹೇಳುವಾಗ ಜೋಡಿ.

ಡಿಕ್ಷನರಿ ಹುಳ
‘ಸೆಟ್’ ಪದ ಮುಟ್ಟಿದಿರಾ, ಇನ್ನು ಮುಗಿಯುವುದಿಲ್ಲ. ದೊಡ್ಡ ಆಕ್ಸ್‌ಫರ್ಡ್ ಡಿಕ್ಷನರಿಯ 1989ರ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ನಮೂದು ಅದರದ್ದೇ. ಕ್ರಿಯಾಪದಕ್ಕೆ 430 ಅರ್ಥ, ವಿವರಿಸಲಿಕ್ಕೆ ಸುಮಾರು 60,000 ಪದ. ಈಗ ಪರಿಷ್ಕರಿಸುವಾಗ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದ ‘ರನ್’ಗೆ 645 ಅರ್ಥ. ಪೀಟರ್ ಗಿಲಿವರ್ ಅನ್ನುವ ಸಂಪಾದಕರಿಗೆ ಅದೊಂದೇ ಪದಕ್ಕೆ ಒಂಬತ್ತು ತಿಂಗಳು ಹಿಡಿಯಿತು.

ಬೈಕಂಪಾಡಿ ಬೋಳ
ಹೆರಿಗೆ ಸುಸೂತ್ರ ಆಯ್ತಲ್ಲ, ಸಾಕು.

ಪಂಪ್‌ಸೆಟ್ ಪ್ರಸಾದ, ಬೆಳ್ತಂಗಡಿ
430 ಎಲ್ಲ ನಮಗೆ ಬೇಡ, ನಮ್ಮೂರಿನ ಸೆಟ್‌ಗಳೇ ಸಾಕಷ್ಟು ಉಂಟು. ತೋಟಕ್ಕೆ ಪಂಪ್‌ಸೆಟ್. ಹೋಟೆಲಿನಲ್ಲಿ ಸೆಟ್ ದೋಸೆ. ವಾಲಿಬಾಲಿನಲ್ಲಿ ಮೂರನೇ ಸೆಟ್. ತಾರಸಿಯ ಕಾಂಕ್ರೀಟ್ ಸೆಟ್ ಆಗಬೇಕು. ಲೆಕ್ಚರರ್ ಆಗಲಿಕ್ಕೆ ಕೆ-ಸೆಟ್ ಪಾಸಾಗಬೇಕು, ನೋಡಿ ಅದಕ್ಕೆ ಗೀಟು ಉಂಟು. ಹೊಸ ಮೇಸ್ತ್ರಿ ನಮಗೆ ಸೆಟ್ ಆಗುವುದಿಲ್ಲ.

ಗಡ್‌ಬಡ್ ಪಾರ್ಟಿ, ಮಂಗಳೂರು
ಸಿನಿಮಾ ಸೆಟ್ಟೇರಿತು, ಅದನ್ನು ಬಿಟ್ಟಿರಿ.

ಕುಂದಾಪುರದ ಟೀಚರ್
‘ಬಿಟ್ಟಿರಿ’ ಅಂದಿರಲ್ಲ, ಇಂಗ್ಲಿಷಿನ ಸೆಟ್‌ಗೆ ನಮ್ಮ ‘ಬಿಡು’ ಸಾಟಿ. ಶಾಲೆ ಬಿಟ್ಟಿತು ಅಂದರೆ ಸಂಜೆ ಆಯ್ತು. ಹುಡುಗ ಶಾಲೆ ಬಿಟ್ಟ ಅಂದರೆ ಅವನ ಓದೇ ನಿಂತಿತು. ಬಸ್ ಬಿಟ್ಟಿತು ಅಂದರೆ ಹೊರಟಿತು. ಸೀರೆ ಬಣ್ಣ ಬಿಟ್ಟಿತು. ತೋಟಕ್ಕೆ ಮದ್ದು ಬಿಡುವುದು, ಗಡ್ಡ ಬಿಡುವುದು, ಬೀಡಿ ಬಿಡುವುದು, ರೈಲು ಬಿಡುವುದು. ಮಳೆ ಬಿಟ್ಟಿತು ಅಂದರೆ ನಿಂತಿತು, ಮಲ್ಲಿಗೆ ಹೂ ಬಿಟ್ಟಿತು ಅಂದರೆ ಶುರುವಾಯಿತು. ಪದ ಅದೇ, ಒಂದು ಕಡೆ ಮುಗಿಯುವುದು, ಇನ್ನೊಂದು ಕಡೆ ತೊಡಗುವುದು. ಅಕ್ಕಪಕ್ಕದ ಪದವನ್ನು ನೋಡಿಯೇ ಅರ್ಥ ಹಿಡಿಯಬೇಕು.

ಪಂಪ್‌ಸೆಟ್ ಪ್ರಸಾದ, ಬೆಳ್ತಂಗಡಿ
ರೈಲು ಬಿಡುವುದರಲ್ಲಿ ನಮ್ಮ ವಾರ್ಡಿನವರನ್ನು ಮೀರಿಸಿದವರಿಲ್ಲ.

ಬೆಂಗಳೂರಿನಿಂದ ಬಂದವನು
ನಾನು ಇಲ್ಲಿಗೆ ಬಂದು ಸ್ವಲ್ಪ ಸಮಯ ಆಯಿತು. ನಿಮ್ಮ ‘ಮತ್ತೆ’ ನನಗೆ ಇನ್ನೂ ಅರ್ಥವಾಗಿಲ್ಲ. ಒಂದು ಆಫೀಸಿನಲ್ಲಿ ‘ಮತ್ತೆ ಬನ್ನಿ’ ಅಂದರು. ನಾನು ‘ಸರಿ, ಇನ್ನೊಂದು ದಿನ’ ಅಂದುಕೊಂಡು ಮನೆಗೆ ಹೋದೆ. ಅವರು ಹೇಳಿದ್ದು ಊಟ ಆದ ಮೇಲೆ ಬನ್ನಿ ಅಂತ! ಪಕ್ಕದ ಮನೆಯವರು ಫೋನಿನಲ್ಲಿ ‘ಮತ್ತೆ?’ ಅಂತಾರೆ, ಏನು ಹೇಳಬೇಕು ಅಂತ ಗೊತ್ತಾಗುವುದಿಲ್ಲ.

ಮಲ್ಪೆ ಮಧ್ಯಾಹ್ನ
‘ಮತ್ತೆ?’ ಅಂದರೆ ಬೇರೆ ಎಂತ ವಿಶೇಷ ಅಂತ. ‘ಮತ್ತೆ ಎಂತ?’ ಅಂದರೆ ಅದೇ, ಸ್ವಲ್ಪ ಉದ್ದ. ‘ಮತ್ತೆ!’ ಅಂತ ಜೋರಾಗಿ ಹೇಳಿದರೆ ‘ಅಲ್ಲದೆ ಇನ್ನೇನು’ ಅಂತ. ‘ಮತ್ತೆ ನೋಡುವ’ ಅಂದರೆ ಆಮೇಲೆ ನೋಡುವ, ಅಂದರೆ ಆ ಕೆಲಸ ಆಗುವುದಿಲ್ಲ.

ಎರಡೂ ಕಡೆ ಸಹಿ
ಬೆಂಗಳೂರಿನವರಿಗೆ ಇನ್ನೊಂದು ಎಚ್ಚರಿಕೆ. ಮಂಗಳೂರಿನ ಸಿಟಿ ಬಸ್ಸಿನಲ್ಲಿ ‘ಸ್ಟೇಟ್‌ಬ್ಯಾಂಕ್’ ಅಂತ ಟಿಕೆಟ್ ತೆಗೆದವರು ಯಾರೂ ದುಡ್ಡು ಕಟ್ಟಲಿಕ್ಕೆ ಹೋಗುವವರಲ್ಲ. ಅದು ಬಸ್‌ಸ್ಟ್ಯಾಂಡ್.

ಬೆಂಗಳೂರಿನಿಂದ ಬಂದವನು
ಅದು ಮೊದಲ ವಾರವೇ ಗೊತ್ತಾಯಿತು ಸರ್, ಎಟಿಎಂ ಹುಡುಕಿಕೊಂಡು ಹೋಗಿ.

ರಾಕೆಟ್ ರೈ
ಒಂದೇ ಪದಕ್ಕೆ ಹಲವು ಅರ್ಥ ಅನ್ನುವುದು ಸರಿ. ‘ಕಾಲು’ ಅಂದರೆ ನಡೆಯುವ ಕಾಲು, ಕಾಲು ಕಿಲೋ ಕೂಡ. ‘ಆಡು’ ಅಂದರೆ ಮೇಕೆ, ಆಟ ಆಡು ಕೂಡ. ಇದೂ ಸೆಟ್ ಥರವೇ ಅಲ್ವಾ?

ಡಿಕ್ಷನರಿ ಹುಳ
ಅಲ್ಲ ರೈಗಳೇ. ‘ಬಿಡು’ ಒಂದೇ ಪದ, ಅದರ ಅರ್ಥ ಕವಲೊಡೆದದ್ದು. ಆಡು ಮೇಕೆಯೂ ಆಟ ಆಡುವುದೂ ಬೇರೆ ಬೇರೆ ಪದ, ಅಕಸ್ಮಾತ್ ಒಂದೇ ರೂಪಕ್ಕೆ ಬಂದದ್ದು. ಡಿಕ್ಷನರಿಯವರು ಇಂಥವಕ್ಕೆ ಬೇರೆ ಬೇರೆ ನಮೂದು ಮಾಡಿ 1, 2 ಅಂತ ನಂಬರ್ ಹಾಕ್ತಾರೆ. ಕಿಟೆಲ್ ಅವರ ಕೋಶ ತೆಗೆದು ನೋಡಿ. 1894ರಲ್ಲಿ ಅಚ್ಚಾದದ್ದು ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲೇ.

ಗಡ್‌ಬಡ್ ಪಾರ್ಟಿ, ಮಂಗಳೂರು
ಮೊದಲ ಕನ್ನಡ ಪತ್ರಿಕೆ ಮಾಡಿದವರೂ ಅವರೇ ಅಲ್ವಾ, ಮಂಗಳೂರ ಸಮಾಚಾರ?

ಡಿಕ್ಷನರಿ ಹುಳ
ಅದು ಹರ್ಮನ್ ಮೋಗ್ಲಿಂಗ್, 1843. ಕಿಟೆಲ್ ಆಗ ಹನ್ನೊಂದು ವರ್ಷದ ಹುಡುಗ, ಜರ್ಮನಿಯಲ್ಲಿದ್ದ.

ಡಿಟಿಪಿ ಅಣ್ಣ, ಬಿಜೈ
ಎಲ್ಲರೂ ಇಂಗ್ಲಿಷ್ ಗೀಟಿನ ಬಗ್ಗೆ ಹೇಳಿದಿರಿ, ಕನ್ನಡದ ಕಷ್ಟ ಕೇಳಿ. ಕನ್ನಡದಲ್ಲಿ ಸಾಲಿನ ಕೊನೆಗೆ ಯಾವ ಅಕ್ಷರದ ನಂತರವೂ ಮುರಿಯಬಹುದು, ಗೀಟೂ ಬೇಕಂತಿಲ್ಲ. ಆದರೆ ಹಳೇ ನುಡಿ ಫಾಂಟಿನಲ್ಲಿ ಒತ್ತು, ದೀರ್ಘ ಎಲ್ಲ ಬೇರೆ ಬೇರೆ ಚೂರು. ಕಾಲಂ ಸಣ್ಣದಾದರೆ ‘ಅಮ್ಮ’ನ ಒತ್ತು ಕೆಳಗಿನ ಸಾಲಿಗೆ ಹೋಗಿ ಒಂಟಿಯಾಗಿ ಕೂತಿರ್ತದೆ. ಯೂನಿಕೋಡಿನಲ್ಲಿ ಆ ಕಾಟ ಇಲ್ಲ, ಅಲ್ಲಿ ಬೇರೆ ಕಾಟ. ಇಂಗ್ಲಿಷ್ ಜೋಡಿಪದ ಬರೆದರೆ ಎರಡು ಪದ ಅಂಟಿಕೊಂಡು ಒತ್ತಾಗ್ತದೆ. ‘ಫೇಸ್‌ಬುಕ್’ ಅನ್ನುವುದು ‘ಫೇಸ್ಬುಕ್’ ಆಗ್ತದೆ. ‘ಬಸ್‌ಸ್ಟ್ಯಾಂಡ್’ ಅಂತೂ ‘ಬಸ್ಸ್ಟ್ಯಾಂಡ್’ ಆಗಿ ಒತ್ತಿನ ಕೆಳಗೆ ಒತ್ತು ನೇತಾಡ್ತದೆ, ಫ್ಲೆಕ್ಸ್ ಹಾಕಿದರೆ ಕೆಳಗಿನ ಸಾಲಿಗೆ ತಾಗ್ತದೆ.

ಕೋಡ್ ಬರೆಯುವವ, ಮಣಿಪಾಲ
ಅದಕ್ಕೆ ಮದ್ದು ಉಂಟು. ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು, ಯೂನಿಕೋಡಿನಲ್ಲಿ ಅದರ ನಂಬರ್ 200ಸಿ. ಎರಡು ಅಕ್ಷರ ಸೇರದ ಹಾಗೆ ತಡೆಯುವುದೇ ಅದರ ಕೆಲಸ. ಹೆಚ್ಚಿನ ಕನ್ನಡ ಕೀಬೋರ್ಡುಗಳಲ್ಲಿ ಅದಕ್ಕೊಂದು ಕೀಲಿ ಇದ್ದೇ ಇರ್ತದೆ, ಜನ ನೋಡಿರುವುದಿಲ್ಲ. ಗೊತ್ತಿಲ್ಲದವರು ಅಲ್ಲಿ ಗೀಟು ಹಾಕಿ ‘ಫೇಸ್-ಬುಕ್’ ಅಂತ ಬರೀತಾರೆ. ಬೋರ್ಡುಗಳಲ್ಲಿ ಕಾಣುವ ಎಷ್ಟೋ ಗೀಟು ಹೀಗೆ ಬಂದದ್ದು, ವ್ಯಾಕರಣದಿಂದ ಅಲ್ಲ.

ಡಿಟಿಪಿ ಅಣ್ಣ, ಬಿಜೈ
ಆದರೆ ಆ ಕಾಣದ ಅಕ್ಷರದಿಂದ ಹುಡುಕುವಾಗ ಪಂಚಾಯ್ತಿ. ಒಬ್ಬ ಹಾಕಿ ಬರೆದಿರ್ತಾನೆ, ಇನ್ನೊಬ್ಬ ಹಾಕದೆ ಹುಡುಕ್ತಾನೆ, ಕೆಲವು ಕಡೆ ಸಿಗುವುದೇ ಇಲ್ಲ.

ಬೈಕಂಪಾಡಿ ಬೋಳ
ಕಾಣುವ ಗೀಟಿಗೇ ಇಷ್ಟು ಜಗಳ, ಈಗ ಕಾಣದ ಗೀಟು ಬೇರೆ. ನಾನು ಊಟಕ್ಕೆ ಹೋಗ್ತೇನೆ.

ಸೊಸೈಟಿ ಗುಮಾಸ್ತ, ಉಡುಪಿ
ಸರ್ಟಿಫಿಕೇಟ್ ನೋಡಿದೆ, ಗೀಟು ಉಂಟು. ಹಾಗಾಗಿ ಪುಸ್ತಕದಲ್ಲಿ ಎಲ್ಲ ಕಡೆ ಗೀಟು, ಬೋರ್ಡು ಇದ್ದ ಹಾಗೇ ಇರಲಿ, ಸ್ಟಾಂಪ್ ಹೊಸತು. ಲೆಟರ್‌ಹೆಡ್ ಇನ್ನೂ ಎರಡು ಬಂಡಲ್ ಉಂಟು, ಅದು ಮುಗಿಯುವವರೆಗೆ ಯಾರೂ ಮಾತಾಡಬಾರದು. ಇಂಗ್ಲಿಷ್ ಪುಟಗಳಿಗೆ ಒಂದೇ ಕಾಲಂ, ಬಲಗಡೆ ನೇರ ನಿಲ್ಲದಿದ್ದರೂ ಅಡ್ಡಿ ಇಲ್ಲ ಅಂತ ಹುಡುಗನಿಗೆ ಹೇಳಿದೆ, ಅವನಿಗೆ ಖುಷಿ. ಈಗ ಉಳಿದದ್ದು ಅಧ್ಯಕ್ಷರ ಸಹಿ. ಗೀಟು ಹಾಕಿದರೂ ಅವರ ಮಗನಿಗೆ ಸಮಾಧಾನ ಇಲ್ಲ, ಓದುವವರ ಕಣ್ಣಿಗೆ ಗೀಟು ಬೀಳದಿದ್ದರೆ ಎಂತ ಮಾಡುವುದು ಅಂತಾನೆ.

ಕುಂದಾಪುರದ ಟೀಚರ್
ಮಗ ಹೇಳಿದ್ದು ಸರಿ. ಗೀಟನ್ನೇ ನಂಬಿ ಕೂರುವ ಕಡೆ ವಾಕ್ಯವನ್ನೇ ಬದಲಿಸಿ. ‘ರಿನ್ಯೂಡ್ ದಿ ಲೀಸ್’ ಅಂತ ಬರೆಯಿರಿ.

ಎರಡೂ ಕಡೆ ಸಹಿ
ಫೋಟೋಗಳ ಅಡಿಬರಹವನ್ನೂ ಒಮ್ಮೆ ನೋಡಿ. ‘ಎಕ್ಸ್ ಪ್ರೆಸಿಡೆಂಟ್’ ಅಂತ ಬಿಡಿಯಾಗಿ ಬರೆದಿರ್ತಾರೆ. ಎಕ್ಸ್ ಆದ ಮೇಲೆ ಗೀಟು ಬೇಕು.

ಕುಂದಾಪುರದ ಟೀಚರ್
ಅಥವಾ ‘ಫಾರ್ಮರ್ ಪ್ರೆಸಿಡೆಂಟ್’ ಅಂತ ಹಾಕಿ, ಗೀಟಿನ ಗೋಜೇ ಇಲ್ಲ. ಆದರೆ ಎಫ್ ಆದ ಮೇಲೆ ‘ಓ’ ಬರಬೇಕು, ‘ಎ’ ಹಾಕಿದರೆ ಕೃಷಿಕ ಆಗ್ತಾರೆ.

ಸೊಸೈಟಿ ಗುಮಾಸ್ತ, ಉಡುಪಿ
ಈಗಷ್ಟೇ ನೋಡಿದೆ ಟೀಚರ್, ಹುಡುಗ ‘ಎ’ ಹಾಕಿದ್ದಾನೆ. ಆದರೆ ನಮ್ಮ ಹಳೇ ಅಧ್ಯಕ್ಷರೆಲ್ಲ ಅಡಿಕೆ ತೋಟದವರೇ. ಬಿಡ್ಲಾ, ತಿದ್ಲಾ?